ಚಿಗರಿಗೆ ಬಿಟ್ಟ ದಾರಿ

ನನ್ನ ಮಗಳು ದೇಶದ ಗಡಿ ಕಾಯುತ್ತಾಳೆ. ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಶಹರದ ನವಿ ಪೇಠದಲ್ಲಿರುವ ನನ್ನ ತವರಿನವರ ಅರಿವೆ ಅಂಗಡಿಗೆ ಹೋದರೆ, ಸೀರೆ ನೋಡಲು ಕೂತ ಗುರುತಿಲ್ಲದ ಹೆಂಗಸರಿಗೂ ಹೇಳಿಬಿಡುತ್ತೇನೆ. "ಗಿರಾಕಿಗೆ ಸೀರಿ ತೋರಸಾಕ ಬಿಡವಾ," ಎಂದು ನಮ್ಮಣ್ಣ ನಗುತ್ತಾನೆ.

ಅವಳಿರುವುದು ರಾಜಸ್ಥಾನದ ಮರಳಿನಲ್ಲಿ. ಅಲ್ಲಿ ಆಳೆತ್ತರ ಮೀರಿದ ತಂತಿ ಬೇಲಿ, ಅದರ ನಡುವೆ ಸುರುಳಿ ಸುರುಳಿ ಮುಳ್ಳುತಂತಿ, ಕಣ್ಣು ಹಾಯುವಷ್ಟು ದೂರ ಹೋಗಿದೆಯಂತೆ. ಫೋನಿನಲ್ಲಿ ಊಟ, ಬಿಸಿಲು, ಧೂಳಿನ ಮಾತು ಮುಗಿದ ಮೇಲೆ ಅವಳು ಬೇಲಿಯ ಹತ್ತಿರ ಬರುವ ಪ್ರಾಣಿಗಳ ಸುದ್ದಿ ತೆಗೆಯುತ್ತಾಳೆ. ಚಿಂಕಾರಾ ಎಂಬುದೊಂದು, ನಮ್ಮ ಕಡೆ ಚಿಗರಿ ಅನ್ನುವ ಜಿಂಕೆಯ ಬಳಗದ್ದೇ.

"ಅವಕ್ಕ ಗಡಿ ಅಂದ್ರ ಏನ್ ಗೊತ್ತವ್ವಾ? ಮೊದಲಿಂದ ನೀರಿಗೆ ಹೋಗೋ ದಾರಿ ಅದು. ತಂತಿತನಾ ಬರ್ತಾವ, ನಿಂದರ್ತಾವ, ಬೇಲಿಗುಂಟ ದೂರ ನಡೀತಾವ, ಮತ್ತ ಹೊಳ್ಳಿ ಬರ್ತಾವ."

ಒಂದು ಸಲ ವಿಡಿಯೊ ಕಾಲ್‌ನಲ್ಲಿ ಅವಳ ಮುಂಗೈಗೆ ಪಟ್ಟಿ ಕಟ್ಟಿದ್ದು ಕಂಡು ಏನಾಯಿತೆಂದು ಕೇಳಿದೆ. ಸುರುಳಿ ತಂತಿಯಲ್ಲಿ ಸಿಕ್ಕಿಬಿದ್ದ ಚಿಂಕಾರಾವನ್ನು ಅವಳೂ ಜೊತೆಯವರೂ ಸೇರಿ ಬಿಡಿಸಿದ್ದರು. ಅದರ ಕಣ್ಣಿನ ಮೇಲೆ ಗೋಣಿ ಹಾಕಿ, ಕಾಲು ಹಿಡಿದು, ತಂತಿ ಸರಿಸುವಾಗ ಇವಳ ಕೈಗೆ ಗೀರಿತ್ತು. ಚಿಂಕಾರಾ ಕುಂಟುತ್ತ ಮರಳಿನಾಚೆ ಹೋಯಿತಂತೆ. ನಾನು ಬೈದೆ. ಅವಳು, "ಎಲ್ಲಾ ಬಿಡಸಾಕ ಆಗೂದಿಲ್ಲವ್ವಾ. ನಾವು ಹೋಗೂದರಾಗ ಸತ್ತಿದ್ದೂ ಇರ್ತಾವ," ಎಂದಳು. ಆಮೇಲೆ ತನ್ನ ಸಾಹೇಬರನ್ನು ಕೇಳಿ, ಬೇಲಿಯ ಈಚೆ ಪ್ರಾಣಿಗಳು ನೀರು ಕುಡಿಯಲು ಒಂದು ಸಿಮೆಂಟಿನ ದೋಣಿ ಕಟ್ಟಿಸಿ, ಟ್ಯಾಂಕರಿನ ನೀರು ತುಂಬಿಸುವ ವ್ಯವಸ್ಥೆ ಮಾಡಿಸಿದಳು. ದೋಣಿಯ ಸುತ್ತಲಿನ ಗೊರಸಿನ ಗುರುತುಗಳ ಫೋಟೊ ಕಳಿಸಿದ್ದಳು. ನಾನು ಅದನ್ನು ಎಲ್ಲರಿಗೂ ತೋರಿಸಿದೆ.

ಅದೇ ವರ್ಷ ನಮ್ಮೂರು ಕುರನೂರಿನಲ್ಲಿ ನಮ್ಮ ಹೊಲಕ್ಕೆ ನಮ್ಮ ಮನೆಯವರು ಮುಳ್ಳುತಂತಿ ಹಾಕಿಸಿದ್ದರು. ಮೇಲಿನ ಕಲ್ಲುನೆಲದ ಮಡ್ಡಿಯಿಂದ ಇಳಿದು ಡ್ಯಾಮಿನ ಹಿನ್ನೀರಿಗೆ ಹೋಗುವ ಚಿಗರಿಗಳು ಜೋಳದ ಎಳೆ ಪೈರನ್ನು ಮೇಯುತ್ತಿದ್ದವು. ಕೆಳಗಿನ ಹೊಲದವರೂ ಹಾಕಿಸಿದರು. ನನಗೂ ಅದು ಸರಿಯೇ ಅನಿಸಿತ್ತು.

ಹಿಂಗಾರಿ ಬಿತ್ತನೆ ಮುಗಿದ ಹೊತ್ತಿಗೆ ಮಗಳು ರಜೆಯ ಮೇಲೆ ಬಂದಳು. ಮರುದಿನ ಮುಂಜಾನೆ ಮೂವರೂ ಹೊಲಕ್ಕೆ ಹೋದೆವು. ಬೇಲಿಯ ಆಚೆ ಚಿಗರಿಯ ಹಿಂಡು ನಿಂತಿತ್ತು. ಒಂದು ಹೆಣ್ಣು ಚಿಗರಿ ತಂತಿಗುಂಟ ಹೋಗುತ್ತಿತ್ತು, ಹೊರಳಿ ಬರುತ್ತಿತ್ತು. ಮಗಳ ಮುಖ ನೋಡಿ ನಾನೂ ಬುತ್ತಿ ಕೆಳಗಿಡದೆ ನಿಂತೆ.

"ಜ್ವಾಳ ಉಳಸಬೇಕಂದ್ರ ಮತ್ತೇನ್ ಮಾಡ್ಲಿ?" ನಮ್ಮ ಮನೆಯವರೇ ಮೊದಲು ಮಾತೆತ್ತಿದರು. "ನೀನೂ ಬೇಲಿ ಕಾಯಾಕಿನ ಅಲ್ಲೇನು?"

"ಕಾಯ್ತೀನಿ. ಅಲ್ಲಿ ಬೇಲಿ ಬೇಕು. ಆ ಕಡಿ ಬ್ಯಾರೆ ದೇಶ ಐತಿ. ಇಲ್ಲಿ ಆ ಕಡಿ ಏನೈತಪಾ? ನಮ್ಮ ಮಡ್ಡಿನ ಐತಲ್ಲ."

ಬುತ್ತಿ ಬಿಚ್ಚಿ ಜೋಳದ ಭಾಕರಿ ತಿನ್ನುವಾಗ ಅವಳೇ ಮೆಲ್ಲಗೆ ಅಂದಳು: "ಬೇಲಿ ಇರಲಿ. ಹೊಲದ ಬಾಜೂಕಿನ ಹಳ್ಳದ ದಂಡಿಗುಂಟ ಎರಡು ಗಾಡಿ ಹೋಗುವಷ್ಟು ದಾರಿ ಬಿಟ್ಟು ಒಳಗ ಸರಸೂಣು. ಅಲ್ಲಿ ಬರೇ ಕಲ್ಲು, ಬೆಳಿ ಏನ್ ಬರ್ತೈತಿ?"

ಅವರು ಎದ್ದು ಹಳ್ಳದ ಕಡೆ ನೋಡಿದರು. "ಕೆಳಗಿನವ್ರು ಬಿಡದಿದ್ರ ನಾವು ಬಿಟ್ಟು ಏನ್ ಉಪಯೋಗ?" ಎಂದರು. ಆ ಮಾತಿನಲ್ಲೇ ಒಪ್ಪಿಗೆ ಇತ್ತು.

ಸಂಜೆ ಮಗಳು ಕೆಳಗಿನ ಹೊಲದವರ ಮನೆಗೆ ಹೋದಳು, ಜೊತೆಗೆ ನಾನು. ಆ ಮನೆಯ ಹಿರಿಯರು, "ದೇಶದ ಬಾರ್ಡರ್ ಬಿಟ್ಟು ನಮ್ಮ ಬಾರ್ಡರಿಗೆ ಬಂದ್ಯಾ?" ಎಂದು ನಕ್ಕರು. ಅವಳೂ ನಕ್ಕು, ಮೊಬೈಲಿನಲ್ಲಿ ತಂತಿಗೆ ಸಿಕ್ಕಿ ಸತ್ತ ಚಿಂಕಾರಾದ ಫೋಟೊ ತೆರೆದು ಅವರ ಕೈಗೆ ಕೊಟ್ಟಳು. ಬಗ್ಗಿ ನೋಡಿದ ಅವರ ಹೆಂಡತಿ, "ಅಯ್ಯ ಶಿವನೇ, ಬಸುರಿ ಐತಲ್ಲ," ಎಂದರು. ಹಿರಿಯರ ನಗು ನಿಂತಿತು. "ಕಂಬ ಕೀಳೂದು, ಹುಗಿಯೂದು ಎಲ್ಲಾ ನಿಮ್ಮದು ನೋಡವಾ," ಎಂದು ಒಪ್ಪಿದರು.

ಮಗಳ ರಜೆಯೆಲ್ಲ ಹಾರೆ ಹಿಡಿದೇ ಹೋಯಿತು. ಅಪ್ಪ ಮಗಳು ಕಂಬ ಕಿತ್ತು ಒಳಗೆ ಹುಗಿದರು, ತಂತಿ ಎಳೆದು ಕಟ್ಟಿದರು. ಕೆಳಗಿನ ಹಿರಿಯರು ಮೊದಲು ನೋಡುತ್ತ ನಿಂತವರು ಆಮೇಲೆ ಧೋತರ ಮೇಲೆ ಕಟ್ಟಿ ತಾವೂ ಕೈ ಹಚ್ಚಿದರು.

ಅವಳು ಹೊರಡುವ ತನಕ ಒಂದು ಚಿಗರಿಯೂ ಆ ದಾರಿಗೆ ಕಾಲಿಡಲಿಲ್ಲ. ಹೊಸ ಮಣ್ಣಿನ, ಮನುಷ್ಯರ ವಾಸನೆಗೆ ಹೆದರಿರಬೇಕು. ಅವಳು ಹೋದ ಮೇಲೆ ಒಂದು ಮುಂಜಾನೆ ನಾವಿಬ್ಬರೂ ಜಾಲಿಯ ಮರೆಯಲ್ಲಿದ್ದಾಗ ಆ ಹಿಂಡು ಇಳಿಯಿತು. ದೊಡ್ಡ ಗಂಡು ಮುಂದೆ ಬಂದು ನಿಂತು ಮೂಸಿತು. ಆಮೇಲೆ ಒಂದರ ಹಿಂದೊಂದು, ಮರಿಗಳೂ ಸೇರಿ, ನಮ್ಮ ಜೋಳದ ಪಕ್ಕದಲ್ಲೇ ನೀರಿಗೆ ನಡೆದುಹೋದವು.

ನಮ್ಮ ಮನೆಯವರು ಅಲ್ಲೇ ಫೋನು ಹಚ್ಚಿದರು. ಅವಳು ಡ್ಯೂಟಿಯಲ್ಲಿದ್ದಳು, ಮಧ್ಯಾಹ್ನ ತಿರುಗಿ ಮಾಡಿದಳು. "ಹಾದು ಹೋದುವು ನೋಡವಾ," ಎಂದರು. ಫೋನು ನನ್ನ ಕೈಗಿತ್ತರು.

ಈಗಲೂ ಒಂದೊಂದು ಚಿಗರಿ ತಂತಿಯೊಳಗೆ ಮೂತಿ ತೂರಿಸಿ ಜೋಳ ಕಡಿಯುತ್ತದೆ. ಕೆಳಗಿನ ಹಿರಿಯರು ಗೊಣಗುತ್ತಾರೆ, ಆದರೆ ದಾರಿ ಮುಚ್ಚಿಲ್ಲ. ನಮ್ಮೂರು ಇರುವುದು ಮರಾಠಿ ಸೀಮೆಯಲ್ಲಿ, ಮಗಳು ಕಲಿತದ್ದು ಮರಾಠಿ ಸಾಲಿಯಲ್ಲಿ, ಕನ್ನಡ ಓದಲು ಬಾರದು. ನಾನು ಬರೆದ ಇದನ್ನು ನಾನೇ ಅವಳಿಗೆ ಫೋನಿನಲ್ಲಿ ಓದಿ ಹೇಳಬೇಕು.