ಎಣ್ಣೆ ಮುಟ್ಟದ ಕೈ

ನಮ್ಮ ಮೊಮ್ಮಗಳು ಪಾಸಾದಳು. ಯುದ್ಧವಿಮಾನ ಓಡಿಸುವವರು ಅಷ್ಟೆತ್ತರದಲ್ಲಿ ಎಳೆಯುವ ಉಸಿರನ್ನು ನೋಡಿಕೊಳ್ಳುವವರಲ್ಲಿ ಇನ್ನು ಮೇಲೆ ಇವಳೂ ಒಬ್ಬಳು. ಬೆಳಿಗ್ಗೆ ಚೆನ್ನೈನ ಮಾಧವರಂ ಸ್ಟ್ಯಾಂಡಿನಲ್ಲಿ ಬಸ್ಸಿಳಿದು ಬಂದವಳು ಗೇಟಿನಲ್ಲೇ ನಿಂತು, "ಅಜ್ಜಿ, ಆಕ್ಸಿಜನ್ ಸೆಕ್ಷನ್ನೇ ಕುಡುತ್ತುಟ್ಟಾಂಗ" ಅಂದಳು. ಕೊಟ್ಟುಬಿಟ್ಟರು ಅನ್ನುವುದಕ್ಕೂ, ಖುಷಿಯಾದರೆ ಅವಳಿಗೆ ತಮಿಳೇ ಬರುವುದು. ಬ್ಯಾಗು ನನ್ನ ಕೈಗೆ ಕೊಟ್ಟು ಎದುರುಮನೆಗೆ ಓಡಿದಳು. ನನಗೇನೂ ಬೇಜಾರಾಗಲಿಲ್ಲ. ಆ ಸುದ್ದಿ ಮೊದಲು ಹೋಗಬೇಕಾದದ್ದೇ ಅಲ್ಲಿಗೆ.

ಎದುರುಮನೆ ಸಾರ್ ಕೈ ನೋಡಬೇಕು ನೀವು. ಹಳೇ ಸುಣ್ಣದ ಗೋಡೆ ಹಾಗೆ ಬೆಳ್ಳಗೆ ಒಣಗಿ, ಬೆರಳ ಗೆಣ್ಣಿನಲ್ಲೆಲ್ಲ ಸೀಳು. ತಲೆಗೂದಲೂ ಅಷ್ಟೇ, ಫ್ಯಾನ್ ಹಾಕಿದರೆ ಎದ್ದು ನಿಲ್ಲುತ್ತೆ. ಅವರು ತಮಿಳಿನವರು, ವಿಮಾನಪಡೆಯ ಕೆಲಸದಲ್ಲಿ ಬೀದರಿನ ಕಡೆ ಬಹಳ ಕಾಲ ಇದ್ದು ಕನ್ನಡ ಕಲಿತವರು. ಹೆಂಡತಿ ಹೋದ ಮೇಲೆ ಒಬ್ಬರೇ. ನಾವು ಈ ಕಾಲೊನಿಗೆ ಬಂದ ಹೊಸದರಲ್ಲಿ ಇಡ್ಲಿ ಕೊಟ್ಟು, ಚಟ್ನಿಪುಡಿಗೆ ಒಳ್ಳೆಣ್ಣೆ ಬಿಡಲು ಹೋದರೆ ತಟ್ಟೆ ಹಿಂದಕ್ಕೆಳೆದುಕೊಂಡರು.

"ಬೇಡ ಅಕ್ಕಾ, ಡ್ಯೂಟಿ ಇದೆ."

ಆಗಲೇ ರಿಟೈರಾಗಿ ಎಷ್ಟೋ ಕಾಲವಾಗಿತ್ತು. ಪುಡಿಯನ್ನು ಮೊಸರಿನಲ್ಲಿ ಕಲಸಿಕೊಂಡು ಚಮಚದಲ್ಲಿ ತಿಂದರು. ಇದೇನು ಸಾರ್ ವ್ರತ ಅಂದೆ. ಆಗ ಹೇಳಿದರು.

"ಮೇಲೆ ಹೋದ ಹಾಗೆಲ್ಲ ಗಾಳಿ ನೀರುಮಜ್ಜಿಗೆ ಥರ ಅಕ್ಕಾ. ಎಷ್ಟು ಕುಡಿದರೂ ಸಾಲಲ್ಲ." ಅದಕ್ಕೇ ವಿಮಾನದಲ್ಲಿರುವವರ ಮೂಗು ಬಾಯಿಗೆ ಮಾಸ್ಕು, ಮಾಸ್ಕಿಗೆ ಪೈಪು. ಅವರ ಕಾಲದಲ್ಲಿ ಆಕ್ಸಿಜನ್ನನ್ನು ಸಿಲಿಂಡರಿಗೆ ಒತ್ತಿ ತುಂಬಿ ಕಳಿಸುತ್ತಿದ್ದರಂತೆ. ಈಗಿನ ಹೊಸ ವಿಮಾನಗಳು ಇಂಜಿನ್ನಿನಿಂದಲೇ ಗಾಳಿ ತೆಗೆದುಕೊಂಡು, ಜರಡಿ ಹಿಡಿದ ಹಾಗೆ ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಕೊಡುತ್ತವಂತೆ. ಆದರೂ ಕೈಕೊಟ್ಟಾಗ ಇರಲಿ ಅಂತ ಸೀಟಿನ ಹತ್ತಿರ ಒಂದು ಪುಟ್ಟ ಸಿಲಿಂಡರು ಇಟ್ಟಿರುತ್ತಾರಂತೆ.

"ಉಸಿರು ಸಾಲದಿದ್ದರೆ ಒದ್ದಾಡ್ತಾರಾ ಸಾರ್?"

"ಒದ್ದಾಡಿದರೆ ಒಳ್ಳೇದಾಗಿತ್ತು. ಕುಡಿದವನ ಹಾಗೆ ಖುಷಿಯಾಗಿರ್ತಾನೆ, ಎಲ್ಲ ಸರಿಯಾಗಿದೆ ಅಂದ್ಕೋತಾನೆ. ಅವನ ಬದಲು ಕೆಳಗಿರೋ ನಾವು ಹೆದರಬೇಕು."

ಒತ್ತಿ ತುಂಬಿದ ಆಕ್ಸಿಜನ್ನಿಗೆ ಎಣ್ಣೆ ಜಿಡ್ಡು ಸೋಕಿದರೆ ಕಡ್ಡಿ ಗೀರುವುದೇ ಬೇಡ, ತಾನೇ ಹತ್ತಿಕೊಳ್ಳಬಹುದಂತೆ. ಜೊತೆಯವರೆಲ್ಲ ಸೋಪು ಹಾಕಿ ಕೈ ತೊಳೆದು ಕೆಲಸಕ್ಕೆ ಹೋದರೆ ಇವರದ್ದು ಒಂದು ಕೈ ಹೆಚ್ಚು. ಎಣ್ಣೆಯನ್ನೇ ಬಿಟ್ಟರು, ತುಪ್ಪವನ್ನೂ ಬಿಟ್ಟರು. ದೀಪಾವಳಿಗೂ ತಲೆಗೆ ಬರೀ ನೀರು.

ಮೊಮ್ಮಗಳು ಸ್ಕೂಲು ಬಿಟ್ಟರೆ ಅವರ ಜಗಲಿಯಲ್ಲೇ. ಸ್ಟೀಲ್ ಲೋಟ ಮೂಗಿಗೆ ಕವುಚಿಕೊಂಡು ವಿಮಾನ ಓಡಿಸುತ್ತಿದ್ದಳು. ತನ್ನ ಕನ್ನಡ ಮರೆತುಹೋಗಬಾರದು ಅಂತ ಸಾರ್ ಅವಳ ಹತ್ತಿರ ಕನ್ನಡವನ್ನೇ ಆಡುವರು. ನಮ್ಮನೆಯಲ್ಲಿ ತಮಿಳಿನಲ್ಲಿ ಉತ್ತರ ಕೊಡುವವಳು ತಮಿಳರ ಮನೆಯಲ್ಲಿ ಕನ್ನಡ ಕಲಿತಳು. ನಾನು ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸಿದ ದಿನ ಅವರ ಸ್ಪ್ಯಾನರ್ ಮುಟ್ಟಲು ಹೋದರೆ, "ಕೈ ತೋರಿಸು" ಅನ್ನುವರು. ಬೆಳಕಿಗೆ ತಿರುಗಿಸಿ ನೋಡಿ, "ಹೊಳೀತಿದೆ. ಹೊಳೆದರೆ ಮುಟ್ಟಬಾರದು. ತೊಳ್ಕೊಂಡು ಬಾ."

"ಏನ್ ಸಾರ್, ನಿಮ್ಮ ಸೈಕಲ್ಲಿಗೂ ಆಕ್ಸಿಜನ್ನಾ?" ಅಂತ ರೇಗಿಸುತ್ತಿದ್ದೆ.

"ಅಭ್ಯಾಸ ಸೈಕಲ್ಲಿಂದಲೇ ಆಗಲಿ ಬಿಡಿ ಅಕ್ಕಾ."

ಹೋದ ತಿಂಗಳು ಅವಳ ವಿಮಾನಪಡೆ ಟ್ರೈನಿಂಗಿನ ಕೊನೇ ಪರೀಕ್ಷೆ. ಆ ಸೆಕ್ಷನ್ನಿಗೆ ಯಾರು ಅನ್ನುವುದು ಅದರಲ್ಲೇ ತೀರ್ಮಾನ. ಆಕ್ಸಿಜನ್ ತುಂಬುವ ಪೈಪನ್ನು ಹೇಳಿದ ಟೈಮಿನೊಳಗೆ ಸಿಲಿಂಡರಿಗೆ ಜೋಡಿಸಬೇಕು. ಇವಳು ಪೈಪಿನ ತುದಿಯನ್ನು ಬೆಳಕಿಗೆ ಹಿಡಿದಳಂತೆ, ಒಂದು ಕಡೆ ಹೊಳೆಯಿತಂತೆ. ಕೆಳಗಿಟ್ಟು, "ಇದನ್ನ ಕ್ಲೀನ್ ಮಾಡಿಸದೆ ಜೋಡಿಸಲ್ಲ" ಅಂದಳಂತೆ. ಟೈಮ್ ಹೋಗ್ತಿದೆ ನೋಡು ಅಂದರಂತೆ ಪರೀಕ್ಷೆ ಮಾಡುವವರು. ಟೈಮೂ ಹೋಯಿತು, ಕೆಲಸವೂ ಆಗಲಿಲ್ಲ.

ಫೋನಿನಲ್ಲಿ ಅತ್ತಳು. ನನ್ನ ಮಗ, "ಕರ್ಚೀಫಲ್ಲಿ ಒರೆಸಿ ಹಾಕಿದ್ದರೆ ಮುಗೀತಿತ್ತಲ್ಲಮ್ಮ" ಅಂದ. ಸಾರ್ ಫೋನು ಇಸಕೊಂಡು, "ಸರಿಯಾಗೇ ಮಾಡಿದ್ದೀಯ ಕಣ್ಣು" ಅಂದರು ತಮಿಳಿನ ಮುದ್ದಿನಲ್ಲಿ, ಅಷ್ಟೇ. ಆದರೆ ಅವತ್ತಿನಿಂದ ದಿನಾ ಸಂಜೆ ನಮ್ಮ ಗೇಟಿನ ಹತ್ತಿರ ಬಂದು, "ಏನಾದರೂ ಹೇಳಿದಳಾ ಅಕ್ಕಾ?" ತಾನು ಕಲಿಸಿದ್ದರಿಂದಲೇ ಮಗು ಸೋತಿತೇನೋ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಇವತ್ತು ಗೊತ್ತಾಯಿತು. ಸಿಲಿಂಡರು ಖಾಲಿಯಂತೆ, ಜಿಡ್ಡು ಪರೀಕ್ಷೆ ಮಾಡುವವರೇ ಬೇಕೆಂದು ಬಳಿದದ್ದಂತೆ. ಗಡಿಬಿಡಿಯಲ್ಲಿ ಜೋಡಿಸಿದವರು ಹಿಂದೆ ಉಳಿದರು, ನಿಲ್ಲಿಸಿದವಳಿಗೆ ಕೆಲಸ ಸಿಕ್ಕಿತು. ಹೆತ್ತವರು ಅವಳಿಗೆ ಫೀಸು ಕಟ್ಟಿದರು, ನಾನು ಅನ್ನ ಹಾಕಿದೆ. ಕೈಯನ್ನು ಬೆಳಕಿಗೆ ಹಿಡಿಯುವುದು ಕಲಿಸಿದವರು ಇವರು. ಅದನ್ನು ನಾನು ಎಲ್ಲಿಂದ ತಂದು ತೀರಿಸಲಿ?

ಸಂಜೆ ಒಬ್ಬಟ್ಟು ಮಾಡಿದೆ. ಮಗ, ಸೊಸೆ, ಮೊಮ್ಮಗಳು, ಅವಳ ಪಕ್ಕ ಸಾರ್, ಎಲ್ಲರೂ ಸಾಲಾಗಿ ಎಲೆ ಮುಂದೆ ಕೂತರು. ನನ್ನ ಬಾಯಂತೂ ನಿಲ್ಲಲೇ ಇಲ್ಲ. "ಅಕ್ಕ ಹಿಂಗೆ ನಗ್ತಿದ್ದಾರೆ ಅಂದ್ರೆ ಉಸಿರು ಸಾಲ್ತಿಲ್ಲ. ಮಾಸ್ಕ್ ಹಾಕು ಹೋಗು" ಅಂದರು ಸಾರ್ ಮೊಮ್ಮಗಳಿಗೆ. ನಾನು ತುಪ್ಪ ಬಡಿಸುತ್ತ ಬಂದು, ರೂಢಿಯಂತೆ ಅವರ ಎಲೆ ದಾಟಿದೆ.

"ಅಕ್ಕಾ, ನನಗೆ?"

ತಿರುಗಿ ನೋಡಿದರೆ ಚಮಚ ಪಕ್ಕಕ್ಕಿಟ್ಟಿದ್ದರು. "ಇನ್ನು ಡ್ಯೂಟಿ ಅವಳದು. ಹಾಕಿ."

ಒಬ್ಬಟ್ಟು ಮುಳುಗುವಷ್ಟು ಹಾಕಿದೆ. ಅವರು ಮುರಿದುಕೊಂಡರು. ತುಪ್ಪ ಆ ಒಣಗಿದ ಬೆರಳುಗಳ ಸಂದಿಯಲ್ಲಿ ಇಳಿದು ಮಣಿಕಟ್ಟಿಗೆ ಬಂತು.

"ತಾತಾ, ಕೈ ಹೊಳೀತಿದೆ" ಅಂದಳು ಮೊಮ್ಮಗಳು.

"ಹೊಳೀಲಿ" ಅಂದು, ಇನ್ನೊಂದು ಒಬ್ಬಟ್ಟಿಗೆ ಆ ಕೈಯನ್ನೇ ಚಾಚಿದರು.