ಹನ್ನೊಂದೂವರೆಯ ನಿಧಾನ

ಮೊದಲೇ ಹೇಳಿಬಿಡುತ್ತೇನೆ: ಗ್ಯಾಸ್ ಏಜೆನ್ಸಿಯ ಸರ್ವರ್ ಆಗಾಗ ನಿಧಾನವಾಗುತ್ತಿದ್ದುದಕ್ಕೆ ಹೆಚ್ಚಿನ ಕಾರಣ ನಾನು. ಅದು ನನಗೂ ಗೊತ್ತಿರಲಿಲ್ಲ. ಗೊತ್ತಾಗುವುದಕ್ಕೆ ಎರಡು ತಿಂಗಳು, ಒಂದು ಹೊಸ ಯುಪಿಎಸ್ ಮತ್ತು ಶಿವಮೊಗ್ಗದಿಂದ ಮೂರು ಸಲ ಬಂದ ಒಬ್ಬ ಇಂಜಿನಿಯರ್ ಬೇಕಾಯಿತು.

ಕೊಪ್ಪದ ಆ ಏಜೆನ್ಸಿಯಲ್ಲಿ ನಾನು ಮೂರನೇ ಕೌಂಟರಿನಲ್ಲಿ ಕೂರುತ್ತಿದ್ದೆ. ಓದಿದ್ದು ಪಿಯುಸಿ, ಆಮೇಲೆ ಆರು ತಿಂಗಳ ಕಂಪ್ಯೂಟರ್ ಕೋರ್ಸ್. ಸರ್ವರ್ ಎಂದರೆ ಹಿಂದಿನ ಕೋಣೆಯಲ್ಲಿ ಮೇಜಿನ ಕೆಳಗೆ ಇದ್ದ ಒಂದು ದೊಡ್ಡ ಕಂಪ್ಯೂಟರ್. ಎಲ್ಲ ಗ್ರಾಹಕರ ವಿವರ ಇರುವುದು ಅದರೊಳಗೆ. ನಮ್ಮ ಮೂರು ಕೌಂಟರಿನವರೂ ಯಾರದ್ದಾದರೂ ಹೆಸರು ಬೇಕಾದರೆ ಅದನ್ನೇ ಕೇಳಬೇಕು. ಶೃಂಗೇರಿ ಮತ್ತು ನರಸಿಂಹರಾಜಪುರದಲ್ಲಿದ್ದ ನಮ್ಮ ಸಣ್ಣ ಆಫೀಸುಗಳವರು ಫೋನ್ ಲೈನಿನಲ್ಲಿ ಕೇಳುತ್ತಿದ್ದರು. ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು ಪುಟ. ಹೆಸರು, ವಿಳಾಸ, ಕೆಳಗೆ ಸಿಲಿಂಡರ್ ಕೊಟ್ಟ ತಾರೀಕುಗಳು.

ಆ ವರ್ಷ ಯುಗಾದಿ ಕಳೆದ ಸ್ವಲ್ಪ ದಿನಕ್ಕೆ ನಮ್ಮ ಮನೆಯವರು ತೀರಿಕೊಂಡರು. ಅವರು ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೋ ಅಷ್ಟು ಹೊತ್ತಿಗೆ ಅದನ್ನು ಹೊರಡಿಸುವುದು ಅವರ ಕೆಲಸ. ಬೆಳಿಗ್ಗೆ ಎದೆ ಹಿಡಿದ ಹಾಗಾಗುತ್ತದೆ ಎಂದರು. ಮಧ್ಯಾಹ್ನದೊಳಗೆ ಮುಗಿಯಿತು. ಒಂದು ತಿಂಗಳು ಮನೆಯಲ್ಲಿದ್ದು ನಾನು ಕೌಂಟರಿಗೆ ಮರಳಿದೆ. ನನ್ನ ಕುರ್ಚಿಗೆ ಹೊಸ ದಿಂಬು ಹಾಕಿದ್ದರು.

ನಮ್ಮ ಮನೆಯ ಗ್ಯಾಸ್ ಕನೆಕ್ಷನ್ ಅವರ ಹೆಸರಿನಲ್ಲಿತ್ತು. ತಪಾಸಣೆಗೆ ಬರುವವರಿದ್ದರು, ತೀರಿಕೊಂಡವರ ಹೆಸರಿನಲ್ಲಿ ಕನೆಕ್ಷನ್ ಉಳಿದಿರಬಾರದು ಎಂದು ಮೇಲಿನಿಂದ ಪತ್ರ ಬಂದಿತ್ತು. ಮಾಲೀಕರು ಅದನ್ನು ನಮಗೆಲ್ಲ ಓದಿ ಹೇಳಿದರು. ಆಮೇಲೆ ನನ್ನ ಮೇಜಿನ ಹತ್ತಿರ ನಿಂತು, ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ನಿಂದೂ ಒಂದು ಉಂಟಲ್ಲ. ನಿಧಾನಕ್ಕೆ ಮಾಡು, ಅರ್ಜೆಂಟ್ ಎಂತ ಇಲ್ಲ. ತಪಾಸಣೆಗೆ ಮುಂಚೆ ಆದ್ರೆ ಸಾಕು" ಎಂದರು.

ಬೇರೆಯವರದ್ದನ್ನು ನಾನು ನಾಲ್ಕು ನಿಮಿಷದಲ್ಲಿ ಮಾಡುತ್ತಿದ್ದೆ. ಮರಣ ಪತ್ರದ ಜೆರಾಕ್ಸ್ ಎಲ್ಲಿ, ರೇಷನ್ ಕಾರ್ಡ್ ಎಲ್ಲಿ, ಇಲ್ಲಿ ಸಹಿ ಹಾಕಿ, ಮುಂದಿನವರು ಬನ್ನಿ. ಅಳುವವರಿಗೆ ಬೆಂಚು ತೋರಿಸುತ್ತಿದ್ದೆ.

ನನ್ನದನ್ನು ಮಾಡಲು ಹನ್ನೊಂದೂವರೆಯ ಹೊತ್ತು ಆರಿಸಿಕೊಂಡೆ. ಆಗ ಜನ ಕಡಿಮೆ, ಟೀ ಬರುವ ಸಮಯ. ಅವರ ಪುಟ ತೆಗೆದು, ತಿದ್ದುವ ಬಟನ್ ಒತ್ತಿದರೆ ಹೆಸರಿನ ಮುಂದೆ ಗೆರೆ ಮಿನುಗುತ್ತದೆ. ಅಳಿಸಿ ನನ್ನ ಹೆಸರು ಹಾಕಬೇಕು, ಸೇವ್ ಮಾಡಬೇಕು. ನಾನು ಅದರ ಬದಲು ಕೆಳಗಿನ ತಾರೀಕುಗಳನ್ನು ನೋಡುತ್ತಿದ್ದೆ. ಸಾಮಾನ್ಯವಾಗಿ ನಮ್ಮ ಸಿಲಿಂಡರ್ ಒಂದೂವರೆ ತಿಂಗಳು ಬರುತ್ತಿತ್ತು. ಒಂದು ಕಡೆ ಐದು ತಿಂಗಳು ಏನೂ ಇಲ್ಲ. ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದೆ. "ದಿನಾ ಅಡುಗೆ ಮಾಡ್ಕೊಂಡು ಉಣ್ತಿದೀನಿ" ಎಂದು ಅವರು ಫೋನಿನಲ್ಲಿ ಹೇಳುತ್ತಿದ್ದರು. ಇನ್ನೊಂದು ಕಡೆ ಹದಿನೆಂಟೇ ದಿನಕ್ಕೆ ಎರಡನೇ ಸಿಲಿಂಡರ್. ನಾದಿನಿಯ ಮದುವೆ. ನೋಡುತ್ತಾ ಕೂತಿರುವಾಗ ಟೀ ಬರುತ್ತಿತ್ತು. ಪುಟವನ್ನು ಹಾಗೇ ಬಿಟ್ಟು ಹಿಂದಿನ ಜಗಲಿಗೆ ಎದ್ದು ಹೋಗುತ್ತಿದ್ದೆ. ಬಂದ ಮೇಲೆ ತಿದ್ದದೆ ಮುಚ್ಚುತ್ತಿದ್ದೆ. ನಾಳೆ ಮಾಡೋಣ ಎಂದು.

ಪುಟವನ್ನು ತೆರೆದಿಟ್ಟು ಹೋಗುವುದು ನಮ್ಮಲ್ಲಿ ತಪ್ಪು ಎನಿಸಿಕೊಂಡಿರಲಿಲ್ಲ. ಮರ್ಯಾದೆ ಎನಿಸಿಕೊಂಡಿತ್ತು. ಏಜೆನ್ಸಿಯ ಮುಂದೆ ಜನ ಖಾಲಿ ಸಿಲಿಂಡರುಗಳನ್ನು ಸಾಲಾಗಿ ಇಟ್ಟು ಹೋಟೆಲಿಗೋ ಅಡಿಕೆ ಮಂಡಿಗೋ ಹೋಗುತ್ತಿದ್ದರು. ಸಿಲಿಂಡರ್ ನಿಂತಿದ್ದರೆ ಮನುಷ್ಯ ನಿಂತ ಲೆಕ್ಕ. ಇನ್ನೊಬ್ಬರ ಸಿಲಿಂಡರನ್ನು ಯಾರೂ ಆಚೆ ಸರಿಸುತ್ತಿರಲಿಲ್ಲ. ಒಮ್ಮೆ ಹೊಸಬರೊಬ್ಬರು ಸರಿಸಿದಾಗ ಹಿರೇಕೊಡಿಗೆಯ ಒಬ್ಬ ಯಜಮಾನರು, "ಸಿಲಿಂಡರ್ ಇಲ್ಲೇ ಉಂಟಲ್ಲ ಮಾರಾಯ್ರೆ, ನಾನು ಇಲ್ದಿದ್ರೆ ಎಂತ ಆಯ್ತು?" ಎಂದು ಜಗಳ ಮಾಡಿದ್ದರು. ಎಲ್ಲರೂ ಅವರ ಪರವಾಗಿದ್ದರು. ಅದೇ ನಿಯಮವನ್ನು ನಾವು ಕಂಪ್ಯೂಟರಿಗೂ ತಂದಿದ್ದೆವು. ಗ್ರಾಹಕರು ಜೆರಾಕ್ಸಿಗೆ ಹೋದರೆ, "ತೆಗೆದಿಟ್ಟಿರ್ತೀನಿ, ಹೋಗಿ ಬನ್ನಿ" ಎಂದು ಅವರ ಪುಟವನ್ನು ಪರದೆಯ ಮೇಲೆ ಹಾಗೇ ಬಿಡುವುದು. ಶೃಂಗೇರಿಯಲ್ಲೂ ಹಾಗೇ, ನರಸಿಂಹರಾಜಪುರದಲ್ಲೂ ಹಾಗೇ.

ನಾನು ಮರಳಿದ ವಾರದಿಂದ ಸರ್ವರ್ ನಿಧಾನವಾಗತೊಡಗಿತು. ಯಾವಾಗಲೂ ಅಲ್ಲ. ಬೆಳಿಗ್ಗೆ ಚೆನ್ನಾಗಿರುತ್ತಿತ್ತು, ಟೀ ಹೊತ್ತಿಗೆ ಇಪ್ಪತ್ತು ನಿಮಿಷ ಎಲ್ಲ ಪರದೆಗಳೂ ಕಲ್ಲಾಗುತ್ತಿದ್ದವು, ಮತ್ತೆ ತಾನಾಗಿಯೇ ಓಡುತ್ತಿತ್ತು. ಮಧ್ಯೆ ಬೇರೆ ಹೊತ್ತಿನಲ್ಲಿ ಎರಡು ಮೂರು ನಿಮಿಷ ನಿಲ್ಲುವುದು ಮೊದಲಿನಿಂದಲೂ ಇತ್ತು. ಮೊದಲನೇ ಕೌಂಟರಿನ ಹಿರಿಯ ಗುಮಾಸ್ತರು ಮಧ್ಯಾಹ್ನದ ಗಾಡಿಗೆ ಪಟ್ಟಿ ತೆಗೆಯುತ್ತಿದ್ದುದು ಅದೇ ಹನ್ನೊಂದೂವರೆಗೆ. ಗಾಡಿ ಯಾವ ಊರಿಗೆ, ಯಾರ ಮನೆಗೆ ಹೋಗಬೇಕು ಎನ್ನುವ ಪಟ್ಟಿ. ಪ್ರಿಂಟರ್ ಮುಂದೆ ಅವರು ಕೈಕಟ್ಟಿ ನಿಲ್ಲುತ್ತಿದ್ದರು.

"ಇದು ಶೃಂಗೇರಿಯವರದ್ದೇ ಕೆಲಸ. ಅವರ ಫೋನ್ ಲೈನು ಎಳೀತದೆ" ಎಂದರು ಗುಮಾಸ್ತರು.

ಶೃಂಗೇರಿ ಆಫೀಸಿನ ಹುಡುಗಿ ಫೋನಿನಲ್ಲಿ, "ನಮ್ಮ ಲೈನು ನಾಲ್ಕು ದಿನದಿಂದ ಸತ್ತೇ ಹೋಗಿದೆ ಮಾರಾಯ್ರೆ, ಅದು ಎಂತ ಎಳೆಯೂದು?" ಎಂದಳು.

ಆಮೇಲೆ ನರಸಿಂಹರಾಜಪುರವನ್ನು ಒಂದು ವಾರ ಬಿಡಿಸಿ ನೋಡಿದರು. ಏನೂ ವ್ಯತ್ಯಾಸವಾಗಲಿಲ್ಲ. ನರಸಿಂಹರಾಜಪುರದವರಿಗೆ ಮಾತ್ರ ಬೇಸರವಾಯಿತು. ಮಾಲೀಕರು ಕರೆಂಟಿನ ದೋಷವೆಂದು ಹೊಸ ಯುಪಿಎಸ್ ತಂದರು. ಕರೆಂಟು ಹೋದರೂ ನಿಧಾನವಾಗಿಯೇ ಓಡುವಷ್ಟು ಅನುಕೂಲವಾಯಿತು.

ಇಂಜಿನಿಯರ್ ಮೊದಲ ಸಲ ಬಂದಾಗ ಸರ್ವರಿನ ಫ್ಲಾಪಿ ಹಾಕುವ ಸಂದಿಯಿಂದ ಕುಂಕುಮ ಮತ್ತು ಒಣಗಿದ ಸೇವಂತಿಗೆ ಎಸಳು ತೆಗೆದ.

"ಸಾರ್, ಇದು ಏನು?"

"ಆಯುಧಪೂಜೆ" ಎಂದರು ಮಾಲೀಕರು.

"ಒಳಗೆ ಯಾಕೆ ಹಾಕಿದ್ರಿ?"

"ಒಳಗೆ ಹಾಕ್ಲಿಲ್ಲ ಮಾರಾಯ. ಹಣೆಗೆ ಇಟ್ಟದ್ದು. ಅದರ ಹಣೆ ಎಲ್ಲಿ ಅಂತ ನಮಗೆ ಎಂತ ಗೊತ್ತು?"

ಅವನು ಒರೆಸಿ, ನನ್ನ ಕುರ್ಚಿಯಲ್ಲೇ ಕೂತು ದಿನವಿಡೀ ಪರೀಕ್ಷೆ ಮಾಡಿದ. ಒಂದು ಸಲವೂ ನಿಧಾನವಾಗಲಿಲ್ಲ. ಎರಡನೇ ಸಲವೂ ನನ್ನ ಕುರ್ಚಿಯಲ್ಲೇ ಕೂತ. ಹೊರಗೆ ಬೆಂಚಿನಲ್ಲಿ ಕೂತು ನಾನು ಅವನಿಗೆ ಮಜ್ಜಿಗೆ ತರಿಸಿಕೊಟ್ಟೆ. ಅಂದೂ ಯಂತ್ರ ಚೆನ್ನಾಗಿ ಓಡಿತು. "ಇವನನ್ನ ಕಂಡ್ರೆ ಅದಕ್ಕೆ ಹೆದರಿಕೆ. ಇವನ ಒಂದು ಫೋಟೋ ಹಾಕಿದ್ರೆ ಸಾಕು" ಎಂದರು ಗುಮಾಸ್ತರು.

ಮೂರನೇ ಸಲ ಅವನು ಯಾರ ಕುರ್ಚಿಯನ್ನೂ ಕೇಳಲಿಲ್ಲ. ಹಿಂದಿನ ಕೋಣೆಯಲ್ಲಿ ಸರ್ವರಿನ ಎದುರಿಗೇ ಸ್ಟೂಲು ಹಾಕಿಕೊಂಡು, ನಾವೆಲ್ಲ ಎಂದಿನಂತೆ ಕೆಲಸ ಮಾಡಬೇಕೆಂದು ಹೇಳಿದ. ನಾನು ಎಂದಿನಂತೆ ಕೆಲಸ ಮಾಡಿದೆ. ಹನ್ನೊಂದೂವರೆಗೆ ಪುಟ ತೆಗೆದೆ, ತಿದ್ದುವ ಬಟನ್ ಒತ್ತಿದೆ, ತಾರೀಕುಗಳನ್ನು ನೋಡಿದೆ, ಟೀಗೆ ಎದ್ದು ಹೋದೆ. ಲೋಟ ಹಿಡಿದು ವಾಪಸು ಬರುವಾಗ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಮಾಲೀಕರೂ ಗುಮಾಸ್ತರೂ ಅವನ ಹಿಂದೆ ನಿಂತಿದ್ದರು.

"ಸಿಕ್ತು ಸಾರ್" ಎನ್ನುತ್ತಿದ್ದ ಅವನು. "ಯಾರ ಪುಟವನ್ನಾದ್ರೂ ತಿದ್ದೋಕೆ ತೆರೆದ್ರೆ, ಮುಚ್ಚೋ ತನಕ ಅದನ್ನ ಬೇರೆಯವರು ಮುಟ್ಟೋ ಹಾಗಿಲ್ಲ. ಲಾಕ್ ಆಗುತ್ತೆ. ನಿಮ್ಮ ಪಟ್ಟಿ ಒಂದೊಂದೇ ಪುಟ ನೋಡ್ತಾ ಬಂದು ಅದರ ಮುಂದೆ ನಿಂತುಬಿಡುತ್ತೆ. ಪಟ್ಟಿಯ ಹಿಂದೆ ಬೇರೆಯವರೆಲ್ಲ ನಿಲ್ತಾರೆ."

ಮಾಲೀಕರು ಸ್ವಲ್ಪ ಯೋಚಿಸಿದರು. "ಅಂದ್ರೆ ಯಾರೋ ಸಿಲಿಂಡರ್ ಇಟ್ಟು ಕಾಫಿಗೆ ಹೋಗಿದಾರೆ."

"ಹೌದು ಸಾರ್, ಅದೇ."

"ಸರಿಸೂ ಹಾಗಿಲ್ಲ."

"ಸರಿಸೋ ಹಾಗಿಲ್ಲ."

"ಹಂಗಾದ್ರೆ ಯಂತ್ರದ್ದು ತಪ್ಪಲ್ಲ. ಸರಿಯಾಗೇ ಉಂಟು" ಎಂದರು ಗುಮಾಸ್ತರು.

"ಸಣ್ಣಪುಟ್ಟದ್ದು ಎಲ್ಲ ಕೌಂಟರಿಂದಲೂ ಆಗ್ತಿದೆ, ಎರಡು ನಿಮಿಷ, ಮೂರು ನಿಮಿಷ. ಈ ಒಬ್ರು ಮಾತ್ರ ಇಪ್ಪತ್ತು ನಿಮಿಷ. ಹಳೇ ದಾಖಲೆ ನೋಡಿದೆ, ದಿನಾ ಹನ್ನೊಂದೂವರೆಗೆ ಇವರೇ." ಅವನು ನಂಬರ್ ಓದಿದ. ಆಮೇಲೆ ಗ್ರಾಹಕರ ಹೆಸರು ಓದಿದ, ಸ್ಪಷ್ಟವಾಗಿ, ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ. "ಯಾರು ಸಾರ್ ಇವರು? ದಿನಾ ಯಾಕೆ ಬರ್ತಾರೆ?"

ನಾನು ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದೆ. ಗುಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು.

"ಅವರು ಬರೂದಿಲ್ಲ" ಎಂದರು ಮಾಲೀಕರು.

"ಬರ್ತಾರೆ ಸಾರ್, ಇಲ್ಲಿ ಇದೆಯಲ್ಲ. ಮೂರನೇ ಕೌಂಟರಿಗೆ."

"ಬರೂದಿಲ್ಲ ಮಾರಾಯ" ಎಂದರು ಮತ್ತೊಮ್ಮೆ, ಮೆಲ್ಲಗೆ.

ನಾನು ಹೋಗಿ ಪುಟವನ್ನು ಮುಚ್ಚಿದೆ. ಒಳಗೆ ಪ್ರಿಂಟರ್ ತಟ್ಟನೆ ಓಡತೊಡಗಿತು. ಯಾರೋ ಗ್ರಾಹಕರು, "ಬಂತು, ಬಂತು" ಎಂದರು. ಇಂಜಿನಿಯರನನ್ನು ಹೊರಗೆ ಕರೆದು ವಿಷಯವನ್ನು ಯಾರು ಹೇಳಿದರೋ ತಿಳಿಯದು. ಊಟಕ್ಕೆ ಕೂತಾಗ ಅವನು ನನ್ನ ಕಡೆ ನೋಡದೆ ಉಪ್ಪಿನಕಾಯಿ ಬಾಟಲಿ ಸರಿಸಿದ.

ಅಂದೇ ಅವನು ಎರಡು ಕೆಲಸ ಮಾಡಿಹೋದ. ಪುಟವನ್ನು ಐದು ನಿಮಿಷ ಮುಟ್ಟದೆ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಹಾಗೆ ಮಾಡಿದ. ಯಾವ ಪುಟ ತೆರೆದಿದ್ದರೂ ಗಾಡಿಯ ಪಟ್ಟಿ ಅದಕ್ಕಾಗಿ ಕಾಯದೆ ದಾಟಿ ಹೋಗುವ ಹಾಗೆ ಮಾಡಿದ. ಮಾಲೀಕರು ಗೋಡೆಗೆ ಒಂದು ಚೀಟಿ ಅಂಟಿಸಿದರು: ಯಾರದ್ದೇ ಪುಟವನ್ನು ತೆರೆದಿಟ್ಟು ಏಳಬಾರದು.

ಆದ್ದರಿಂದ ನಾನು ಏಳುವುದನ್ನು ಬಿಟ್ಟೆ. ಹನ್ನೊಂದೂವರೆಗೆ ಪುಟ ತೆಗೆದು ಅಲ್ಲೇ ಕೂರುತ್ತಿದ್ದೆ. ಆಗಾಗ ಬಾಣದ ಬಟನ್ ಒತ್ತಿದರೆ ಪುಟ ಮುಚ್ಚಿಕೊಳ್ಳುತ್ತಿರಲಿಲ್ಲ. ಟೀ ಮೇಜಿಗೇ ಬರುತ್ತಿತ್ತು. ಇದರಿಂದ ಯಾರಿಗೂ ತೊಂದರೆ ಇಲ್ಲವೆಂದು ನನ್ನ ಲೆಕ್ಕ. ಇಂಜಿನಿಯರನೇ ಹಾಗೆ ಹೇಳಿ ಹೋಗಿದ್ದ.

ಎರಡು ವಾರ ಕಳೆದು ಭಂಡಿಗಡಿಯಿಂದ ಒಬ್ಬರು ಫೋನ್ ಮಾಡಿದರು. ನಾನೇ ಎತ್ತಿಕೊಂಡೆ.

"ಎಂತ ಮಾರಾಯ್ರೆ, ನಿಮ್ಮ ಗಾಡಿ ದಿನಾ ಲೇಟಾ? ಖಾಲಿ ಸಿಲಿಂಡರ್ ರಸ್ತೆ ತನಕ ಹೊತ್ತು ತಂದು ಬಿಸಿಲಲ್ಲಿ ನಿಂತು ಗಂಟೆ ಆಯ್ತು. ಮನೇಲಿ ಸೌದೆ ಒಲೆ ಹಚ್ಚಿದಾರೆ, ನಂಗೆ ಬೈಗುಳ ಬೇರೆ."

ಮಾಲೀಕರು ಶಿವಮೊಗ್ಗಕ್ಕೆ ಫೋನ್ ಮಾಡಿದರು. ಮತ್ತೆ ಸ್ಲೋ ಆಗಿದೆ ಎಂದರು. ಇಂಜಿನಿಯರ್ ಅಲ್ಲಿಂದಲೇ ಒಂದೊಂದಾಗಿ ಕೇಳಿ, ಸರ್ವರಿನ ಪರದೆಯಲ್ಲಿ ಇದ್ದದ್ದನ್ನು ನನ್ನಿಂದ ಓದಿಸಿದ. ಕಾಯುತ್ತಿರುವವರು: ಯಾರೂ ಇಲ್ಲ. ತಡೆದಿರುವವರು: ಯಾರೂ ಇಲ್ಲ. ಪಟ್ಟಿ ಕೇಳಿದ ಹೊತ್ತು: ಹನ್ನೆರಡು.

"ಮೇಡಂ, ಯಂತ್ರದಲ್ಲಿ ಏನೂ ಇಲ್ಲ. ಪಟ್ಟಿ ತೆಗೆಯೋಕೆ ಹೇಳಿದ ತಕ್ಷಣ ಬರ್ತಿದೆ. ಹೇಳೋದೇ ಹನ್ನೆರಡು ಗಂಟೆಗೆ" ಎಂದ.

ನಾನು ಗುಮಾಸ್ತರನ್ನು ಕೇಳಿದೆ. "ಅಣ್ಣ, ಪಟ್ಟಿ ಹನ್ನೊಂದೂವರೆಗೆ ತೆಗೀತಿದ್ರಲ್ಲ?"

"ತೆಗೀತಿದ್ದೆ."

"ಈಗ?"

ಅವರು ಪ್ರಿಂಟರಿನ ಕಾಗದವನ್ನು ಸರಿ ಮಾಡಿದರು. ಅದು ಸರಿಯಾಗಿಯೇ ಇತ್ತು. "ನೀನು ಅಲ್ಲಿ ಇರ್ತೀಯಲ್ಲ ತಂಗಿ. ನಡುವೆ ಪಟ್ಟಿ ಓಡಿಸೂದು ಹ್ಯಾಗೆ? ಅವನೇನೋ ದಾಟಿ ಹೋಗ್ತದೆ ಅಂದ. ದಾಟಿಸ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ. ನೀನು ಮುಗಿಸಿಕೊಳ್ಳಲಿ ಅಂತ."

ಎರಡನೇ ಕೌಂಟರಿನವಳೂ ಆ ಹೊತ್ತಿನಲ್ಲಿ ಗ್ರಾಹಕರನ್ನು ಕೂರಿಸಿಡುತ್ತಿದ್ದಳಂತೆ. ಗಾಡಿಯ ಡ್ರೈವರಿಗೂ ಗೊತ್ತಿತ್ತಂತೆ, ಅವನು ಹನ್ನೆರಡರ ತನಕ ಸೀಟಿನಲ್ಲಿ ಒರಗಿ ಪೇಪರ್ ಓದುತ್ತಿದ್ದನಂತೆ. ನನಗೊಬ್ಬಳಿಗೆ ಗೊತ್ತಿರಲಿಲ್ಲ. ಮೊದಲು ಯಂತ್ರ ಮಾಡುತ್ತಿದ್ದುದನ್ನು ಈಗ ಆಫೀಸಿನವರು ಕೈಯಲ್ಲಿ ಮಾಡುತ್ತಿದ್ದರು.

ಮರುದಿನ ನಾನು ಅರ್ಜಿ ತುಂಬಿ, ಮರಣ ಪತ್ರದ ಪ್ರತಿ ಲಗತ್ತಿಸಿ, ಹನ್ನೊಂದೂಕಾಲಿಗೇ ಪುಟ ತೆಗೆದೆ. ತಾರೀಕುಗಳ ಕಡೆ ಹೋಗಲಿಲ್ಲ. ಹೆಸರು ಅಳಿಸಲು ಒಂದೊಂದು ಅಕ್ಷರಕ್ಕೆ ಒಂದೊಂದು ಸಲ ಒತ್ತಬೇಕು. ನನ್ನ ಹೆಸರು ಅವರದ್ದಕ್ಕಿಂತ ಉದ್ದ, ಜಾಗದಲ್ಲಿ ಹಿಡಿಯುತ್ತದೋ ಇಲ್ಲವೋ ಎಂದುಕೊಂಡೆ. ಹಿಡಿಯಿತು. ಹಿಂದಿನ ಗ್ರಾಹಕರಿಗೆ ನೀವು ಏನಾಗಬೇಕು ಎಂದು ಯಂತ್ರ ಕೇಳಿತು. ಹೆಂಡತಿ ಎಂದು ಕೊಟ್ಟೆ. ಖಚಿತವೇ ಎಂದು ಕೇಳಿತು. ಎಲ್ಲರಿಗೂ ಹಾಗೇ ಕೇಳುತ್ತದೆ.

ಸೇವ್ ಆಗಲು ಒಂದು ಸೆಕೆಂಡೂ ಬೇಕಾಗಲಿಲ್ಲ. ನಾನು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದುಕೊಂಡಿದ್ದೆ.

"ಅಣ್ಣ, ಪಟ್ಟಿ ತೆಗೀರಿ" ಎಂದೆ.

ಗುಮಾಸ್ತರು ಗಡಿಯಾರ ನೋಡಿದರು. "ಇನ್ನೂ ಹನ್ನೊಂದೂವರೆ ಆಗ್ಲಿಲ್ಲ ಮಾರಾಯ್ತಿ" ಎಂದರು. ಆದರೂ ತೆಗೆದರು.