ಬಾಯಿ ಮುಚ್ಚಿ ನಿಂತವನು

ಕಬಡ್ಡಿ ಕಬಡ್ಡಿ ಕಬಡ್ಡಿ... ಸ್ಕೂಲಿನ ಹಿಂದಿನ ಮರಳಿನಿಂದ ಒಂದೇ ಉಸಿರಿಗೆ, ಒಂದೇ ಶ್ರುತಿಗೆ ಹೊರಟ ಆ ದನಿ ದೋಣಿಯ ಇಂಜಿನ್ನಿನಂತೆ ನನ್ನ ಮ್ಯೂಸಿಕ್ ರೂಮಿನ ಕಿಟಕಿಗೆ ಬಂದು ಬಡಿಯುತ್ತಿತ್ತು. ಈಗಲೂ ಬೆಳಗಿನ ಹೊತ್ತು ಕೇಳಿಸಿದಂತಾಗಿ ಎದ್ದು ಕೂರುತ್ತೇನೆ.

ಆ ದನಿಯ ಹುಡುಗ ಮಾವಿನಕುರ್ವೆಯಿಂದ ಹೊನ್ನಾವರದ ನಮ್ಮ ಕಾನ್ವೆಂಟಿಗೆ ಬರುತ್ತಿದ್ದ, ಮೀನುಗಾರರ ಮನೆಯವನು. ಮೊಣಕಾಲಲ್ಲಿ ಸದಾ ಗಾಯ, ಗಾಯಕ್ಕಂಟಿದ ಮರಳು. ಆಟದಲ್ಲಿ ಅವನ ಉಸಿರು ಮುಗಿಯುತ್ತಲೇ ಇರಲಿಲ್ಲ. ಹಾಡಿನಲ್ಲಿ ಮಾತ್ರ ಎಲ್ಲ ಸ್ವರವೂ ಒಂದೇ. ಪ್ರೇಯರ್ ಆಗಲಿ, ರಾಷ್ಟ್ರಗೀತೆಯಾಗಲಿ, ಅವನ ಬಾಯಲ್ಲಿ ಕಬಡ್ಡಿಯೇ. ಒಂದು ಆಗಸ್ಟ್ ಹದಿನೈದಕ್ಕೆ ದೊಡ್ಡ ಗೆಸ್ಟ್ ಬರುವವರಿದ್ದರು. ರಿಹರ್ಸಲ್‌ನಲ್ಲಿ ನನಗೆ ಸಿಟ್ಟು ನೆತ್ತಿಗೇರಿತು.

"ನೀನು ಬಾಯಿ ತೆಗೀಬೇಡ. ಜಸ್ಟ್ ಸ್ಟ್ಯಾಂಡ್ ಸ್ಟ್ರೇಟ್" ಎಂದೆ.

ಮಕ್ಕಳೆಲ್ಲ ನಕ್ಕರು. ಅವನು ನಗಲಿಲ್ಲ, ಅಳಲೂ ಇಲ್ಲ. ಆ ದಿನ ಇಡೀ ಸಾಲಿನಲ್ಲಿ ಅವನಷ್ಟು ನೆಟ್ಟಗೆ ಯಾರೂ ನಿಂತಿರಲಿಲ್ಲ. ಡಿಸಿಪ್ಲಿನ್ ಎಂದುಕೊಂಡು ನಾನು ಮರೆತೇಬಿಟ್ಟೆ.

ಅವನು ಬೆಳೆದು ದೊಡ್ಡ ಲೀಗಿನ ಆಟಗಾರನಾದ. ಹೋದ ವರ್ಷ ಒಂದು ಮ್ಯಾಚಿಗೆ ಮುಂಚೆ ರಾಷ್ಟ್ರಗೀತೆಯಾಗುವಾಗ ಟಿವಿ ಕ್ಯಾಮೆರಾ ಸಾಲಿನುದ್ದಕ್ಕೂ ಸರಿಯಿತು. ಎಲ್ಲರ ತುಟಿ ಆಡುತ್ತಿತ್ತು, ಅವನದು ಹೊಲಿದಂತಿತ್ತು. ಮರುದಿನ ಎಲ್ಲರ ಮೊಬೈಲಿನಲ್ಲೂ ಅದೇ ತುಣುಕು. ದೇಶದ ಹಾಡು ಹಾಡದವನಿಗೆ ದೇಶದ ಚಪ್ಪಾಳೆ ಯಾಕೆ ಎಂದು ಬೈಗುಳ. ನಮಗೆ ಮೀನು ತರುವ ಅವನ ತಾಯಿ ಬುಟ್ಟಿ ಇಳಿಸದೆ ಗೇಟಿನಲ್ಲೇ ನಿಂತಳು.

"ಮಾರ್ಕೆಟ್ಟಲ್ಲಿ ಕೇಳ್ತ್ರು ಅಕ್ಕೋರೇ, ನಿನ್ನ ಮಗನ ಗಂಟಲಲ್ಲಿ ಬಂಗಡೆ ಮುಳ್ಳು ಸಿಕ್ಕಿತ್ತಾ ಅಂತ. ನಾ ಎಂತ ಹೇಳೂದು?"

ಉತ್ತರ ನನಗೆ ಗೊತ್ತಿತ್ತು. ಬಂಗಡೆಗೆ ಎಷ್ಟು ಎಂದಷ್ಟೇ ಕೇಳಿದೆ.

ಕಾರಣ ಹೇಳುವವರೆಗೆ ಆಡುವಂತಿಲ್ಲ ಎಂದು ಟೀಮಿನವರು ಅವನನ್ನು ಹೊರಗೆ ಕೂರಿಸಿದರು. ಊರಿಗೆ ಬಂದವನು ನನ್ನ ಮನೆಗೂ ಬಂದ. ಕುರ್ಚಿ ತೋರಿಸಿದರೂ ಕೂರದೆ ಜಗಲಿಯ ಕಂಬಕ್ಕೆ ಒರಗಿದ.

"ತಪ್ಪು ನನ್ನದು ಅಂತ ಲೆಟರ್ ಬರೆದು ಕೊಡ್ತೇನೆ ಮಗಾ" ಎಂದೆ.

"ಬ್ಯಾಡ ಅಕ್ಕೋರೇ. ಆಮೇಲೆ ನಂಗೆ ಬೈಯೋರೆಲ್ಲ ನಿಮ್ಮ ಗೇಟಿಗೆ ಬತ್ರು. ನಂಗಾದ್ರೆ ಮೈಮೇಲೆ ಬೀಳೋರ್ನ ತಪ್ಸ್ಕಂಡು ಅಭ್ಯಾಸ. ನೀವು ಈ ಮೊಣಕಾಲಲ್ಲಿ ಎಲ್ಲಿಗೆ ಓಡೂದು?"

ನಕ್ಕ. ನನಗೆ ನಗು ಬರಲಿಲ್ಲ.

"ಹಾಗಾದ್ರೆ ಈಗ ಹಾಡು. ಹೇಗೆ ಬರ್ತದೋ ಹಾಗೆ. ಕರೆಕ್ಟ್ ಮಾಡೋದಿಲ್ಲ, ಪ್ರಾಮಿಸ್."

ಅವನು ಕಂಬ ಬಿಟ್ಟು ನೆಟ್ಟಗಾದ. ಹಿಮ್ಮಡಿ ಕೂಡಿತು, ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ಹೋಯಿತು. ನಾನೂ ಗೋಡೆ ಹಿಡಿದು ಎದ್ದು ನಿಂತೆ. ಬಾಯಿ ತೆರೆದು, ಎದುರು ತಂಡದ ಏಳೂ ಜನರನ್ನು ಮುಟ್ಟಿ ಬರುವಷ್ಟು ಉಸಿರು ಎಳೆದುಕೊಂಡ. ದನಿ ಹೊರಡಲಿಲ್ಲ. ಇನ್ನೊಮ್ಮೆ ಎಳೆದುಕೊಂಡ.

"ಆಗೂದಿಲ್ಲ ಅಕ್ಕೋರೇ" ಎಂದು ನೆಲ ನೋಡಿದ. "ನೀವು ಕೂತ್ಕಳಿ."

ಆ ಸೀಸನ್ ಅವನಿಲ್ಲದೆಯೇ ಮುಗಿಯಿತು. ಈಗ ಎಲ್ಲೋ ದೂರದಲ್ಲಿ ಸಣ್ಣಪುಟ್ಟ ಟೂರ್ನಮೆಂಟ್ ಆಡುತ್ತಾನಂತೆ, ಊರಿಗೆ ಬರುವುದಿಲ್ಲ. ನಾನು ಒಂದು ಕಡೆ ಕೂರಲಾರೆ, ಪುಸ್ತಕ ಹಿಡಿದರೆ ಅದೇ ಪುಟ. ಅವನು ಬೇಡವೆಂದ ಲೆಟರನ್ನೇ ಕೊನೆಗೆ ಹೀಗೆ, ಎಲ್ಲರೂ ಓದುವಂತೆ ಬರೆದಿದ್ದೇನೆ.

ಅವನನ್ನು ಕೊನೆಯ ಸಲ ಕಂಡದ್ದು ಆ ಸಂಜೆಯೇ. ಗೇಟು ಎಳೆದುಕೊಂಡು, ಹೊರಗಿನಿಂದ ಕೈ ಹಾಕಿ ಚಿಲಕ ಸಿಕ್ಕಿಸಿ, ಗಟ್ಟಿ ಕೂತಿದೆಯೇ ಎಂದು ಎರಡು ಸಲ ಜಗ್ಗಿ ನೋಡಿ ಹೋದ. ಇವತ್ತು ಆ ಚಿಲಕ ತೆಗೆದಿಟ್ಟಿದ್ದೇನೆ.